ಮನೋಳಿಯ ಮಾಸ್ತರರ ಮನೆತನ

ರಾಜರ ವಂಶಾವಳಿಯನ್ನು ತಿಳಿಯಬೇಕೆಂಬವರಿಗೆ ಕಲ್ಲಿನ ಶಾಸನಗಳುಂಟು. ಜಹಗೀರುದಾರರ ವಂಶವನ್ನು ತಿಳಿಯಬೇಕೆಂಬವರಿಗೆ ಸನದುಗಳುಂಟು. ಊರ ಮಕ್ಕಳಿಗೆ ಓನಾಮ ಕಲಿಸಿ, ಅಲ್ಪ ಸಂಬಳದಲ್ಲಿ ಸಂಸಾರ ನಡೆಯಿಸಿದ ಸಾಲೆಯ ಮಾಸ್ತರರ ಮನೆತನವನ್ನು ತಿಳಿಯಬೇಕೆಂಬವರಿಗೆ ಏನುಂಟು? ಏನೂ ಇಲ್ಲವೆಂದೇ ಬಹುಮಂದಿ ಭಾವಿಸುತ್ತಾರೆ. ಆದರೆ ಹುಡುಕುವ ಬಗೆ ತಿಳಿದಿದ್ದರೆ, ವಿಕ್ಟೋರಿಯಾ ರಾಣಿಯ ಆಳಿಕೆಯಲ್ಲಿ, ಎಂದರೆ 1837ರಿಂದ 1901ರವರೆಗಿನ ಅವಧಿಯಲ್ಲಿ, ಕನ್ನಡ ಸಾಲೆ ಕಲಿಸಿದ ಒಬ್ಬ ಸಾಮಾನ್ಯ ಮಾಸ್ತರರ ಮನೆತನವನ್ನು ಮೂರು ನಾಲ್ಕು ತಲೆಗಳವರೆಗೆ ಹಿಂಬಾಲಿಸುವುದು ಅಸಾಧ್ಯವಲ್ಲ. ಆ ಬಗೆ ಯಾವುದೆಂಬುದನ್ನು ಒಂದು ಊರನ್ನು ಮುಂದಿಟ್ಟುಕೊಂಡು ನೋಡೋಣ.

ಆ ಊರು ಮನೋಳಿ. ಇಂದಿನ ಸರಕಾರಿ ಬರೆವಣಿಗೆಯಲ್ಲಿ ಮುನವಳ್ಳಿ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಇದೆ. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವು ದೇವಗಿರಿಯ ಯಾದವರ ಕಾಲದ ಶಾಸನಗಳಿಗಾಗಿ ವಿದ್ವಾಂಸರಿಗೆ ಪರಿಚಿತವಾದುದು. ಈ ಸೀಮೆಯ ಶಾಸನಗಳನ್ನು ಓದಿ ಪ್ರಕಟಿಸಿದ ಜಾನ್ ಫೇತ್‌ಫುಲ್ ಫ್ಲೀಟರು 1872ರಲ್ಲಿ ಮುಂಬಯಿ ಇಲಾಖೆಯ ದಕ್ಷಿಣ ವಿಭಾಗದ ವಿದ್ಯಾ ಇನ್‌ಸ್ಪೆಕ್ಟರರಾಗಿ ನೇಮಕಗೊಂಡವರು. ಹಳ್ಳಿಯ ಸಾಲೆಗಳೆಲ್ಲ ಅವರ ಮೇಲ್ವಿಚಾರಣೆಗೆ ಒಳಪಟ್ಟಿದ್ದುವು. ಏಳು ನೂರು ವರುಷಗಳ ಹಿಂದಿನ ದಂಡನಾಯಕರ ಹೆಸರು ಹೀಗೆ ಅಚ್ಚಾಯಿತು. ಅದೇ ಇಲಾಖೆಯ ಮಾಸ್ತರರ ಹೆಸರು ದಫ್ತರದ ಗಂಟಿನಲ್ಲಿಯೇ ಉಳಿಯಿತು. ಆ ಗಂಟನ್ನು ಬಿಚ್ಚುವುದು ನಮ್ಮ ಪಾಲಿನ ಕೆಲಸ.

ಇದೇ ಕೆಲಸ ಇಂಗ್ಲೆಂಡಿನಲ್ಲಿ ಸುಲಭ. ಅಲ್ಲಿ 1837ರ ಜುಲೈ 1ರಿಂದ ಜನನ, ಮರಣ, ವಿವಾಹಗಳ ಸರಕಾರೀ ನೋಂದಣಿ ನಡೆದಿದೆ. ಅದಕ್ಕೂ ಹಿಂದಿನದಕ್ಕೆ ಚರ್ಚುಗಳ ಪುಸ್ತಕಗಳಿವೆ. 1841ರಿಂದ ಹತ್ತು ವರುಷಕ್ಕೊಮ್ಮೆ ನಡೆದ ಖಾನೇಷುಮಾರಿಯಲ್ಲಿ ಮನೆಮನೆಯ ಹೆಸರುಗಳು ಉಳಿದುಕೊಂಡಿವೆ. ಒಬ್ಬ ಉಪಾಧ್ಯಾಯನ ಹೆಸರನ್ನು ಹಿಡಿದರೆ ಹೆಂಡತಿ, ಮಕ್ಕಳು, ಹುಟ್ಟಿದ ಊರು ಎಲ್ಲವೂ ಒಂದೇ ಪುಟದಲ್ಲಿ ದೊರೆಯುತ್ತವೆ. ನಮ್ಮಲ್ಲಿಯೂ 1872ರಿಂದ ಖಾನೇಷುಮಾರಿ ನಡೆಯಿತು. ಆದರೆ ಉಳಿಸಿದುದು ಲೆಕ್ಕವನ್ನು ಮಾತ್ರ. ಮನೆಮನೆಯ ಹಾಳೆಗಳನ್ನು ಕೂಡಿಡುವ ರೂಢಿ ಇರಲಿಲ್ಲ. ಆದುದರಿಂದ ಒಂದೇ ಪುಟದಲ್ಲಿ ಸಿಕ್ಕಬೇಕಾದುದನ್ನು ನಾವು ಹತ್ತು ಕಡೆಗಳಿಂದ ಕೂಡಿಸಿಕೊಳ್ಳಬೇಕಾಗುತ್ತದೆ. ಹಾಗೆ ಕೂಡಿಸುವಾಗ ನೆನಪಿಡತಕ್ಕ ಸೂತ್ರ ಒಂದೇ: ಯಾವ ಕಾಗದವೂ ನಮಗಾಗಿ ಬರೆದುದಲ್ಲ. ಬರೆದವನ ಗರಜು ಏನಿತ್ತೆಂಬುದನ್ನು ಮೊದಲು ಕೇಳಿದರೆ, ಅದರಲ್ಲಿ ಏನು ಸಿಕ್ಕೀತು, ಏನು ಸಿಕ್ಕಲಾರದು ಎಂಬೆರಡೂ ತಿಳಿದುಬರುತ್ತವೆ.

ಮೊದಲು ಊರಿನ ವಿಷಯ. ಮನೋಳಿ, ಮುನೋಳಿ, ಮುನವಳ್ಳಿ ಎಂಬ ಮೂರು ರೂಪಗಳಲ್ಲಿ ಹೆಸರು ಬರುತ್ತದೆ. 1800ರ ಜುಲೈ 30ರಂದು ಈ ಊರ ಹತ್ತಿರ ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದ ಕರ್ನಲ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಅದರ ಅಕ್ಷರಗಳು ಮತ್ತೊಂದು ಬಗೆಯಾಗಿವೆ. ಇದಕ್ಕಿಂತ ತೊಡಕಿನದು ದೊರೆತನದ ಬದಲಾವಣೆ. ಚಿಕ್ಕೋಡಿ ಮತ್ತು ಮನೋಳಿ ಪ್ರಾಂತಗಳಿಗಾಗಿ ಪೇಶವೆಯರಿಗೂ ಕೊಲ್ಹಾಪುರದವರಿಗೂ ಬಹುಕಾಲ ತಂಟೆ ನಡೆದಿತ್ತು. ಪೇಶವಾಯಿಯ ಕೊನೆಗಾಲದಲ್ಲಿ ಕಂಪೆನಿ ಸರಕಾರವು ಅವನ್ನು ಕೊಲ್ಹಾಪುರಕ್ಕೆ ಕೊಡಿಸಿ, 1827ರ ಒಡಂಬಡಿಕೆಯಿಂದ ತಿರುಗಿ ತೆಗೆದುಕೊಂಡಿತು. ಬೆಳಗಾವಿಯು ಬೇರೆ ಜಿಲ್ಲೆಯಾದುದು 1836ರಲ್ಲಿ. ಅದಕ್ಕೆ ಮೊದಲು ಎಲ್ಲವೂ ಧಾರವಾಡದ ಕಲೆಕ್ಟರರ ಕೈಕೆಳಗೆ. ಮುಂದೆ ತಾಲೂಕಿನ ಹೆಸರು ಬಹುಕಾಲ ಪರಸಗಡವೆಂದಿದ್ದು, ಬಳಿಕ ಸವದತ್ತಿಯಾಯಿತು. 1956ರ ನವೆಂಬರ 1ರಂದು ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಮಾಸ್ತರರ ಅಜ್ಜನ ಕಾಗದ ಪುಣೆಯ ಪೇಶವಾ ದಫ್ತರದಲ್ಲಿಯೋ ಕೊಲ್ಹಾಪುರದಲ್ಲಿಯೋ, ತಂದೆಯದು ಧಾರವಾಡದಲ್ಲಿ, ಅವರದು ಬೆಳಗಾವಿಯಲ್ಲಿ ಇರಬಹುದು. ಮನೆತನ ಮಾತ್ರ ಊರು ಬಿಟ್ಟು ಕದಲಿರದಿರಬಹುದು.

ಎರಡನೆಯದು ಹೆಸರು. ಮೈಸೂರು ಸೀಮೆಯವರು ಹೆಸರಿನ ಮುಂದೆ ಅಕ್ಷರಗಳನ್ನು ಇಟ್ಟುಕೊಳ್ಳುತ್ತಾರೆ. ಮುಂಬಯಿ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದಗಳು. ಬಾಣನ ಕಾದಂಬರಿಯನ್ನು ಕನ್ನಡಿಸಿದ, ಅಧ್ಯಾಪಕ ವೃತ್ತಿಯಲ್ಲಿದ್ದ ಗಂಗಾಧರ ಮಡಿವಾಳೇಶ್ವರ ತುರಮರಿಯವರ ಹೆಸರೇ ಇದಕ್ಕೆ ಉದಾಹರಣೆ. ತುರಮರಿಯು ಕಿತ್ತೂರು ಸೀಮೆಯ ಒಂದು ಹಳ್ಳಿ. ಇಂಥ ಅಡ್ಡಹೆಸರು ಮನೆತನವು ಬಿಟ್ಟುಬಂದ ಊರನ್ನು ಹೇಳುತ್ತದೆ. ಮನೋಳಿಯಲ್ಲಿ ಇರುವವನನ್ನು ಮನೋಳಿಯವನೆಂದು ಯಾರು ಕರೆದಾರು? ಆದುದರಿಂದ ಮುನವಳ್ಳಿ ಎಂಬ ಅಡ್ಡಹೆಸರಿನವರನ್ನು ಹುಬ್ಬಳ್ಳಿ ಧಾರವಾಡಗಳಲ್ಲಿ ಹುಡುಕಬೇಕು. ಮನೋಳಿಯ ಮಾಸ್ತರರ ಅಡ್ಡಹೆಸರು ಬೇರೆ ಯಾವುದೋ ಹಳ್ಳಿಯನ್ನು ತೋರಿದರೆ ಆ ಹಳ್ಳಿಗೆ ಹೋಗಬೇಕು. ಇನ್ನೊಂದು ಎಚ್ಚರಿಕೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಬಸಪ್ಪ ಮಲ್ಲಪ್ಪನ ಮಗನು ಮಲ್ಲಪ್ಪ ಬಸಪ್ಪ, ಅವನ ಮಗನು ಮರಳಿ ಬಸಪ್ಪ ಮಲ್ಲಪ್ಪ. ಇಸವಿಯನ್ನು ನೋಡದೆ ಹೆಸರನ್ನಷ್ಟೇ ನಂಬಿದವನು ಅಜ್ಜನನ್ನೂ ಮೊಮ್ಮಗನನ್ನೂ ಒಬ್ಬನನ್ನಾಗಿ ಮಾಡಿಬಿಡುತ್ತಾನೆ.

ಇನ್ನು ಸಾಲೆಯ ದಫ್ತರ. ಮುಂಬಯಿ ಇಲಾಖೆಯಲ್ಲಿ 1840ರಿಂದ ಶಿಕ್ಷಣ ಮಂಡಳಿಯೂ, 1855ರಿಂದ ವಿದ್ಯಾಖಾತೆಯೂ ಕೆಲಸ ಮಾಡಿದುವು. 1869ರ ಕಾಯಿದೆಯ ಮೇಲೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ವಸೂಲಾಗಿ, ಅದರ ಮೂರನೆಯ ಒಂದು ಪಾಲು ಸಾಲೆಗಳಿಗೆ ಸಲ್ಲುತ್ತಿತ್ತು. ಹಣವಿದ್ದಲ್ಲಿ ಲೆಕ್ಕ, ಲೆಕ್ಕವಿದ್ದಲ್ಲಿ ಹೆಸರು. ಮಾಸ್ತರರ ನೇಮಕ, ವರ್ಗ, ರಜೆಗಳು ಆ ಲೆಕ್ಕದ ಹಿಂದೆಯೇ ಬರುತ್ತವೆ. ಮರಾಠಿ ಸಾಲೆಗಳ ನಡುವೆ ಕನ್ನಡ ಸಾಲೆಗಳನ್ನು ನಿಲ್ಲಿಸಲು ದುಡಿದ ಚನ್ನಬಸಪ್ಪನವರು (1834–1881) ಡೆಪ್ಯುಟಿ ಇನ್‌ಸ್ಪೆಕ್ಟರರಾಗಿದ್ದು ಜನರ ಬಾಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರೆಂದೇ ಉಳಿದರು. ಅಲ್ಲಿ ಹುದ್ದೆಯೇ ಅಡ್ಡಹೆಸರಿನ ಸ್ಥಾನವನ್ನು ಹಿಡಿಯಿತು. ಸಾಮಾನ್ಯ ಮಾಸ್ತರರಿಗೂ ಇದೇ ಗತಿ. ಮನೆಯವರು ತಲೆಮಾರುಗಳ ಮೇಲೂ ‘ಮಾಸ್ತರ ಮನೆಯವರು’ ಎನಿಸಿಕೊಂಡು, ನಿಜವಾದ ಅಡ್ಡಹೆಸರು ಮರೆಯಾಗುವುದುಂಟು.

ಸಾಲೆಯ ಜನರಲ್ ರಜಿಸ್ಟರು ಇನ್ನೂ ಹೆಚ್ಚು ಬೆಲೆಯುಳ್ಳದು. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ಊರು ಮತ್ತು ತಾರೀಖು, ಹಿಂದಿನ ಸಾಲೆ, ಬಿಟ್ಟ ಕಾರಣ ಇವೆಲ್ಲ ಅದರಲ್ಲಿ ಸೇರುತ್ತವೆ. ಮಾಸ್ತರರು ಇದರಲ್ಲಿ ಎರಡು ಬಾರಿ ಸಿಕ್ಕಬಹುದು: ಮೊದಲು ವಿದ್ಯಾರ್ಥಿಯಾಗಿ, ಇಪ್ಪತ್ತು ಮೂವತ್ತು ವರುಷಗಳ ಮೇಲೆ ತಮ್ಮ ಮಕ್ಕಳ ತಂದೆಯಾಗಿ. ಎರಡನೆಯ ನಮೂದು ಅವರ ಸ್ವಂತ ಕೈಬರೆಹದ್ದೇ ಆಗಿರುವ ಸಂಭವವೂ ಉಂಟು. ಆದರೆ ಜನ್ಮ ತಾರೀಖು ಜೂನ್ 1 ಎಂದು ಬರೆದಿದ್ದರೆ ಅದನ್ನು ಪೂರ್ಣವಾಗಿ ನಂಬಲಾಗದು. ಸಾಲೆ ತೆರೆಯುವ ಕಾಲಕ್ಕೆ ಹುಡುಗನ ವಯಸ್ಸು ಸರಿಹೋಗಲೆಂದು ಆ ದಿನವನ್ನು ಹಾಕುವ ವಾಡಿಕೆ ನಮ್ಮ ಸಾಲೆಗಳಲ್ಲಿ ಬಹುಕಾಲ ನಡೆದುಬಂದಿದೆ.

ಮನೆತನಕ್ಕೆ ಜಮೀನಿದ್ದರೆ ದಾರಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಮಾಸ್ತರರಲ್ಲಿ ಹಲವರು ಕುಲಕರ್ಣಿಗಳ, ಎಂದರೆ ಮೈಸೂರಿನವರು ಹೇಳುವ ಶಾನುಭೋಗರ, ಮನೆಗಳಿಂದಲೂ, ಊರ ಅಯ್ಯಗಳ ಮನೆಗಳಿಂದಲೂ ಬಂದವರು. ಇಂಥ ಮನೆಗಳಿಗೆ ಇನಾಮು ಭೂಮಿ ಇದ್ದರೆ, 1852ರ ಕಾಯಿದೆಯಿಂದ ಬಲಗೊಂಡ ಇನಾಮು ಕಮಿಷನ್ನಿನ ಮುಂದೆ ಹಕ್ಕನ್ನು ಸಿದ್ಧಪಡಿಸಬೇಕಾಗಿತ್ತು. ಅದಕ್ಕಾಗಿ ಕೈಫಿಯತ್ತನ್ನೂ ವಂಶಾವಳಿಯನ್ನೂ ಹಾಜರುಪಡಿಸಿದರು. 1874ರ ವತನ ಕಾಯಿದೆಯು ಇದನ್ನು ಮುಂದುವರಿಸಿತು. ಈ ವಂಶಾವಳಿಗಳಲ್ಲಿ ನಾಲ್ಕೈದು ತಲೆಗಳು ಸಲೀಸಾಗಿ ದೊರೆಯುತ್ತವೆ. ಆದರೆ ಇವನ್ನು ಬರೆಯಿಸಿದ ಗರಜು ಭೂಮಿಯ ಹಕ್ಕು. ದತ್ತಕ ಬಂದವನು ಒಳಗೆ ಸೇರುತ್ತಾನೆ. ಭಾಗ ತೆಗೆದುಕೊಂಡು ಹೋದವನು ಬಿದ್ದುಹೋಗುತ್ತಾನೆ. ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲವೆಂಬಂತೆ ತೋರುತ್ತದೆ.

ಈ ಕಾಗದಗಳಲ್ಲಿ ಹಲವು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇವೆ. ಇಸವಿಗಳೂ ನಾನಾ ಬಗೆ. ಶಕ ವರ್ಷಕ್ಕೆ 78ನ್ನೂ, ದಕ್ಷಿಣದ ಫಸಲಿಗೆ 590ನ್ನೂ, ಮರಾಠಿ ದಫ್ತರದ ಸುಹೂರ್ ಸನ್ನಿಗೆ 599ನ್ನೂ ಕೂಡಿಸಿದರೆ ಸುಮಾರಾಗಿ ಕ್ರಿಸ್ತವರ್ಷ ಬರುತ್ತದೆ. ಫಸಲಿ 1260 ಎಂದಿದ್ದರೆ 1850ರ ನಡುವಿನಿಂದ 1851ರ ನಡುವಿನವರೆಗೆ. ಒಂದು ಲೆಕ್ಕವನ್ನು ಮತ್ತೊಂದೆಂದು ಎಣಿಸಿದರೆ ಮಗನು ತಂದೆಗಿಂತ ಹಿರಿಯನಾಗಿ ಕುಳಿತಾನು.

ಕಾಗದವಿಲ್ಲದ ಮನೆತನಕ್ಕೆ ಹೆಳವರು ಇದ್ದಾರೆ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ತಮ್ಮ ಒಕ್ಕಲಿನ ಮನೆಗಳ ಮುಂದೆ ವಂಶವನ್ನು ಹಾಡಿನಂತೆ ಹೇಳಿ, ಕಾಳುಕಡಿ ಪಡೆದು, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುವುದು ಅವರ ಕುಲವೃತ್ತಿ. ಎಲ್ಲ ಜಾತಿಗಳಿಗೂ ಹೆಳವರಿಲ್ಲ. ಇದ್ದವರಲ್ಲಿಯೂ ಮನೆತನದ ಮೂಲವನ್ನು ಹಿಗ್ಗಿಸಿ ಹೇಳುವುದು ಕಸುಬಿನ ಸಹಜ ಧರ್ಮ. ಕೊಡುವವನ ಮುಂದೆ ಅವನ ಮೂಲಪುರುಷನನ್ನು ಚಿಕ್ಕವನನ್ನಾಗಿ ಯಾರು ಮಾಡಿಯಾರು? ಆದರೆ ಹತ್ತಿರದ ನಾಲ್ಕೈದು ತಲೆಗಳು, ಯಾವ ಊರಿನಿಂದ ಬಂದರೆಂಬ ಮಾತು, ಅಣ್ಣತಮ್ಮಂದಿರು ಅಗಲಿ ಹೋದ ಕಡೆಗಳು ಇವುಗಳಲ್ಲಿ ಹೆಳವರ ನೆನಪನ್ನು ದಫ್ತರದೊಡನೆ ಹೋಲಿಸಿ ನೋಡುವುದು ಬಹು ಉಪಯುಕ್ತ.

ಇಷ್ಟೆಲ್ಲ ಆದ ಮೇಲೆ ಕೈಗೆ ಬಂದುದು ಗಂಡಸರ ಸಾಲು ಮಾತ್ರ. ಮಾಸ್ತರರ ಹೆಂಡತಿ ಯಾರು? ಆಕೆಯ ತವರು ಎಲ್ಲಿ? ಇದನ್ನು ಬಿಟ್ಟರೆ ಮನೆತನದ ಅರ್ಧವೇ ಹೋಯಿತು. ಇಲ್ಲಿ ನಮ್ಮ ಮನೆಗಳ ಸಂಪ್ರದಾಯವೇ ದಾರಿ ತೋರಿಸುತ್ತದೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಆದುದರಿಂದ ಹಿರಿಯ ಮಗುವಿನ ಜನನವು ಮನೋಳಿಯ ಜನನಮರಣದ ಪುಸ್ತಕದಲ್ಲಿ ಇರದಿದ್ದರೆ ಪುಸ್ತಕ ತಪ್ಪಿದೆಯೆಂದು ಮುಚ್ಚಿಡಬಾರದು. ಆ ಕೊರತೆಯೇ ಒಂದು ಸಾಕ್ಷಿ. ಸಾಲೆಯ ರಜಿಸ್ಟರಿನಲ್ಲಿ ಹಿರಿಯ ಮಗನ ಹುಟ್ಟಿದ ಊರನ್ನು ನೋಡಬೇಕು. ತಮ್ಮಂದಿರೆಲ್ಲ ಮನೋಳಿಯಲ್ಲಿ ಹುಟ್ಟಿ, ಹಿರಿಯನೊಬ್ಬನು ರಾಮದುರ್ಗದಲ್ಲಿಯೋ ಬೈಲಹೊಂಗಲದಲ್ಲಿಯೋ ಹುಟ್ಟಿದ್ದರೆ, ತಾಯಿಯ ತವರು ಅಲ್ಲಿಯೇ ಇರುವ ಸಂಭವ ಹೆಚ್ಚು. ರಾಮದುರ್ಗವಾದರೆ ಅದು 1948ರವರೆಗೆ ಬೇರೆ ಸಂಸ್ಥಾನವಾಗಿತ್ತೆಂಬುದನ್ನು ಮರೆಯದೆ ಅದರ ದಫ್ತರವನ್ನೇ ಕೇಳಬೇಕು.

ಆಕೆಯ ಹೆಸರು ಸರಕಾರದ ಪುಸ್ತಕದಲ್ಲಿ ಮೊದಲ ಬಾರಿಗೆ ಮೂಡುವುದು ಬಹುಮಟ್ಟಿಗೆ ಗಂಡನು ತೀರಿದ ಮೇಲೆ. 1903ರ ಕಾಯಿದೆಯಿಂದ ಹಕ್ಕಿನ ದಾಖಲೆ ಆರಂಭವಾದ ಬಳಿಕ, ಹೊಲದ ಖಾತೆಯು ವಾರಸುದಾರರ ಹೆಸರಿಗೆ ತಿರುಗುವಾಗ ‘ಇಂಥವರು, ಇಂಥವರ ಹೆಂಡತಿ’ ಎಂದು ಬರೆಯುತ್ತಿದ್ದರು. ಬಾಳಿದ ಕಾಲದಲ್ಲಿ ಯಾವ ದಫ್ತರಕ್ಕೂ ಬೇಡವಾಗಿದ್ದವಳು ವಿಧವೆಯಾದಾಗ ವಾರಸಾ ನೋಂದಿನ ಒಂದು ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಹೊಲವೂ ಇಲ್ಲದ ಮನೆಯಾದರೆ ಅಡಿಗೆಮನೆಯ ನಾಗೊಂದಿಗೆಯನ್ನು ನೋಡಬೇಕು. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಾಮ್ರದ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಊರು, ಕೆಲವು ವೇಳೆ ತಾರೀಖು ಕೆತ್ತಿಸುವ ಪದ್ಧತಿ ನಮ್ಮಲ್ಲುಂಟು. ಸೋದರಮಾವನು ಕೊಟ್ಟ ಒಂದು ಕೊಡವು ತಾಯಿಯ ಮನೆತನವನ್ನು ಯಾವ ಕಮಿಷನ್ನಿನ ವಂಶಾವಳಿಗಿಂತಲೂ ಸ್ಪಷ್ಟವಾಗಿ ಹೇಳಬಲ್ಲುದು. ಅದಕ್ಕೆ ಭೂಮಿಯ ಗರಜಿಲ್ಲ, ಹೊಗಳಿಕೆಯ ಗರಜೂ ಇಲ್ಲ.

ಬೇರೆ ಬೇರೆ ಗರಜಿನಿಂದ ಹುಟ್ಟಿದ ಎರಡು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಅದನ್ನು ನಂಬಬಹುದು. ಇನಾಮಿನ ವಂಶಾವಳಿಯೂ ವತನದ ವಂಶಾವಳಿಯೂ ಒಂದನ್ನೇ ಹೇಳಿದರೆ ಅವು ಎರಡಾಗವು; ಒಂದನ್ನು ನೋಡಿ ಇನ್ನೊಂದನ್ನು ಬರೆದಿರುತ್ತಾರೆ. ಸಾಲೆಯ ರಜಿಸ್ಟರೂ ಹೆಳವರ ಮಾತೂ ಕೂಡಿದರೆ ಅವು ಎರಡು.

ಈ ಸಾಕ್ಷಿಗಳು ಹೆಚ್ಚು ಕಾಲ ಕಾದಿರಲಾರವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಯ ಮನೆಗಳಿಗೆ ನುಗ್ಗಿತು. ನೀರು ಬಾರದ ಕಡೆ ಗೆದ್ದಲಿದೆ. ಗೆದ್ದಲಿಲ್ಲದ ಕಡೆ ಹಳೆಯ ಪಾತ್ರೆಯನ್ನು ತೂಕಕ್ಕೆ ಕೊಂಡು ಕರಗಿಸುವವರಿದ್ದಾರೆ. ಮೋಡಿಯನ್ನು ಓದಬಲ್ಲವರು ವರುಷ ವರುಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಮನೆಯಲ್ಲಿ ಹಳೆಯ ಗಂಟು ಇದ್ದವರು ಅದನ್ನು ಓದಲಾಗದೆಂದು ಎಸೆಯದೆ, ಪ್ರತಿ ಹಾಳೆಯ ಛಾಯಾಚಿತ್ರವನ್ನು ತೆಗೆಯಿಸಿಡಲಿ. ಪಾತ್ರೆಯನ್ನು ಮಾರುವುದು ಅನಿವಾರ್ಯವಾದರೆ ಅದರ ಮೇಲಿನ ಹೆಸರನ್ನಾದರೂ ಬರೆದಿಟ್ಟುಕೊಳ್ಳಲಿ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಅವರ ತಾಯಿಯ ತವರು ಯಾವುದು, ತಾಯಿಯ ತಾಯಿಯ ತವರು ಯಾವುದು ಎಂದು ಈ ವಾರವೇ ಕೇಳಲಿ. ಗಂಡಸರ ಹೆಸರುಗಳಿಗೆ ದಫ್ತರ ಉಂಟು. ಈ ಹೆಸರುಗಳಿಗೆ ಬಹುತೇಕ ಅವರ ನೆನಪೊಂದೇ ದಫ್ತರ.