ಫಸಲಿ 1347ರ ಹಾಳೆಯೂ ಜಿದ್ದಾದ ಸಂಬಳವೂ

ಇಬ್ಬರು ಸಹೋದರರಲ್ಲಿ ಜಿದ್ದಾದಲ್ಲಿ ದುಡಿಯುವ ಅಣ್ಣನ ಗೃಹಸಾಲ ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದು ಒಂದು ಉರ್ದು ಹಾಳೆಯಲ್ಲಿ. ಸಂಬಳದ ಚೀಟಿ, ಪಾಸ್‌ಪೋರ್ಟ್, ಸೌದಿಯ ನಿವಾಸ ಪರವಾನಗಿ ಇಕಾಮಾ ಎಲ್ಲವನ್ನೂ ಬ್ಯಾಂಕು ಒಂದೇ ಸಲಕ್ಕೆ ಒಪ್ಪಿಕೊಂಡಿತ್ತು. ತಕರಾರು ಎದ್ದಿದ್ದು ಜಮೀನಿನ ಮೂಲ ದಾಖಲೆ ಕೇಳಿದಾಗ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಹಿಂಬದಿ, ದಾಲ್ ಮಿಲ್ಲುಗಳ ಹೊಟ್ಟು ಹಾರಿಬರುವಷ್ಟು ಹತ್ತಿರದಲ್ಲಿ ಮನೆ ಅರ್ಧಕ್ಕೆ ನಿಂತಿದೆ. ಒಳಗೆ ಒಟ್ಟಿದ್ದ ಶಹಾಬಾದ್ ಪರ್ಸಿಯ ಮೇಲೆ ಊರಲ್ಲಿರುವ ತಮ್ಮ ಆ ಹಾಳೆಯ ನಕಲು ಹರಡಿದರು. ನಾನು ಮನೆ ನೋಡುವುದನ್ನು ಮರೆತೆ.

ಹಾಳೆಯ ತಲೆಗೆ ಫಸಲಿ 1347 ಎಂದಿತ್ತು. ನಿಜಾಮರ ಆಡಳಿತದ ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಅಂದರೆ 1937ರ ಅಕ್ಟೋಬರಿನಿಂದ ಆಚೆಯ ವರ್ಷ. ತಿಂಗಳ ಹೆಸರುಗಳೋ ಆಜುರ್, ದೈ, ಬಹಮನ್ ಎಂದು ಇರಾನಿನ ಪಂಚಾಂಗದವು. ತೊಗರಿ ಬಿತ್ತುವ ಕರಿಮಣ್ಣಿನ ಲೆಕ್ಕವನ್ನು ಪರ್ಶಿಯಾದ ತಿಂಗಳುಗಳಲ್ಲಿ ಬರೆದಿಟ್ಟ ಆ ಗುಮಾಸ್ತನ ಮೇಲೆ ನನಗೆ ವಿಚಿತ್ರ ಪ್ರೀತಿ ಹುಟ್ಟಿತು.

ಅದನ್ನು ಓದುವವರಾರು? ತಮ್ಮನಿಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಣ್ಣ ಜಿದ್ದಾದ ಅಂಗಡಿ ಬೋರ್ಡುಗಳನ್ನು ವರ್ಷಗಳಿಂದ ಓದುತ್ತ ಬಂದವರು. ವಿಡಿಯೊ ಕಾಲಿನಲ್ಲಿ ಹಾಳೆ ತೋರಿಸಿದರೆ ಅವರೂ ಕೈಚೆಲ್ಲಿದರು. ಅದು ಶಿಕಸ್ತಾ ಬರಹ. ಕಚೇರಿಯ ಅವಸರಕ್ಕೆ ಚುಕ್ಕಿಗಳನ್ನೇ ನುಂಗಿ, ಒಂದು ಪದದ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಓಡುವ ಕೈ. ಅಚ್ಚಿನ ಅರಬ್ಬಿ ಕಲಿತ ಕಣ್ಣಿಗೆ ಅದು ದಕ್ಕದು. ಕೊನೆಗೆ ತಹಸೀಲ್ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಕನ್ನಡಕ ಏರಿಸಿ, ‘ಖುಷ್ಕಿ ಅಂತ ಅದ ನೋಡ್ರಿ, ತರಿ ಅಲ್ಲ. ಇನಾಮೂ ಅಲ್ಲ, ಬಚಾವಾದ್ರಿ’ ಅಂದರಂತೆ. ಖುಷ್ಕಿ ಎಂದರೆ ಮಳೆ ನಂಬಿದ ಒಣಭೂಮಿ, ತರಿ ಎಂದರೆ ನೀರಾವರಿ. ಅನುವಾದ ನೋಟರಿಯ ಮುದ್ರೆ ಪಡೆದು ಬ್ಯಾಂಕಿನ ವಕೀಲರ ಕೈ ಸೇರಿದ ಮೇಲೆಯೇ ಫೈಲು ಅಲುಗಿದ್ದು.

ಬೆಂಗಳೂರಿನಲ್ಲಿ ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷದ ಮಾಲೀಕತ್ವದ ಸರಪಣಿ ನೋಡಿ ಸುಮ್ಮನಾಗುತ್ತಾರೆ. ಹಳೆಯ ಹೈದರಾಬಾದ್ ಸಂಸ್ಥಾನದ ನೆಲದಲ್ಲಿ ವಕೀಲರ ಬೆರಳು 1954-55ರ ಖಾಸ್ರಾ ಪಹಣಿಯವರೆಗೆ ಹೋಗುತ್ತದೆ. ಅಲ್ಲಿಯ ಹೆಸರು ಮಸುಕಾಗಿದ್ದರೆ ಇನ್ನೂ ಹಿಂದಕ್ಕೆ, ನಿಜಾಮರ ಕಾಲದ ಭೂಮಾಪನ ದಾಖಲೆ ಸೇತ್ವಾರಿಗೆ. 1948ರ ಪೊಲೀಸ್ ಕಾರ್ಯಾಚರಣೆಯ ಆಚೀಚೆ ಊರು ಬಿಟ್ಟವರು, ಹೆಸರು ಬದಲಾದ ಹೊಲಗಳು ಕಡಿಮೆಯಿಲ್ಲ. ಹಾಗಾಗಿ ಈ ಅತಿಯಾದ ಎಚ್ಚರಿಕೆಯನ್ನು ನಾನು ಬೈಯಲಾರೆ. ‘ಎನ್‌ಆರ್‌ಐ ಗೃಹಸಾಲ, ಕೆಲವೇ ದಿನಗಳಲ್ಲಿ ಮಂಜೂರು’ ಎಂದು ನಗುವ ಜಾಹೀರಾತಿನ ಜೋಡಿಯನ್ನು ಬೈಯಬಲ್ಲೆ. ಅವರ ಕೈಯಲ್ಲಿ ಫಸಲಿ ಹಾಳೆ ಕಂಡದ್ದಿಲ್ಲ.

ಪರದೇಶಿಗೆ ಮನೆ ಕೊಡುವುದು ಈ ಊರಿಗೆ ಹೊಸದೇನಲ್ಲ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಗುಲ್ಬರ್ಗ, ಅಂದರೆ ಇಂದಿನ ಕಲಬುರಗಿ, ಇರಾನ್, ಅರಬಸ್ತಾನ, ಮಧ್ಯ ಏಷ್ಯಾದಿಂದ ಬಂದ ಆಫಾಕಿಗಳಿಗೆ ಹುದ್ದೆ, ಜಹಗೀರು ಎರಡನ್ನೂ ಕೊಟ್ಟಿತು. ಗೀಲಾನಿನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನ್ ಆಮೇಲೆ ರಾಜಧಾನಿಯಾದ ಬೀದರಿನಲ್ಲಿ ಪ್ರಧಾನಿಯಾಗಿ, ಮದರಸಾ ಕಟ್ಟಿಸಿ, ಸ್ಥಳೀಯ ದಖನಿಗಳ ಹೊಟ್ಟೆಕಿಚ್ಚಿಗೆ 1481ರಲ್ಲಿ ತಲೆ ಕೊಟ್ಟ. ಇಂದಿನ ಪರದೇಶಿಗೆ ಅಷ್ಟು ಅಪಾಯವಿಲ್ಲ, ಅಷ್ಟು ಔದಾರ್ಯವೂ ಇಲ್ಲ. ವಿದೇಶಿ ವಿನಿಮಯ ನಿರ್ವಹಣೆಯ 1999ರ ಫೆಮಾ ಕಾಯ್ದೆ ಮೊದಲು ಕೇಳುವುದು ಹಿಂದಿನ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ಇಲ್ಲಿದ್ದೆಯಾ, ಕೆಲಸಕ್ಕೋ ವ್ಯಾಪಾರಕ್ಕೋ ಬಂದೆಯಾ ಎಂದು. ಹೌದೆಂದರೆ ವಿದೇಶಿ ಪ್ರಜೆಯೂ ಇಲ್ಲಿ ಮನೆ ಕೊಳ್ಳಬಹುದು. ಪಾಕಿಸ್ತಾನ, ಬಾಂಗ್ಲಾದೇಶ, ಚೀನಾ, ನೇಪಾಳ ಸೇರಿ 11 ದೇಶ-ಪ್ರದೇಶಗಳ ಪ್ರಜೆಗಳಿಗೆ ಮಾತ್ರ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕು. 5 ವರ್ಷ ಮೀರದ ಲೀಸಿಗೆ ಅದೂ ಬೇಡ.

ನಮ್ಮ ಜಿದ್ದಾದ ಅಣ್ಣ ಭಾರತದ ಪ್ರಜೆಯೇ, ನಿವಾಸಿಯಲ್ಲ ಅಷ್ಟೆ. ಅವರಿಗೂ ಒಸಿಐ ಚೀಟಿಯವರಿಗೂ ಮನೆ, ಅಂಗಡಿ ಕೊಳ್ಳಲು ಅನುಮತಿ ಬೇಡ. ಹಣ ಮಾತ್ರ ಬ್ಯಾಂಕಿನ ದಾರಿಯಲ್ಲೇ ಬರಬೇಕು. ರಿಯಾಲಿನ ನೋಟು ಕಟ್ಟು ತಂದು ಮೇಜಿನ ಮೇಲೆ ಇಡುವಂತಿಲ್ಲ. ಸಾಲ ರೂಪಾಯಿಯಲ್ಲಿ. 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಶೇ 90ರಷ್ಟು, 75 ಲಕ್ಷದವರೆಗೆ ಶೇ 80, ಅದರಾಚೆ ಶೇ 75 ಮಿತಿ. ಊರಿನವರಿಗೂ ಇದೇ. ಕಂತು ಅವರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಹೋಗಬಹುದು, ಇಲ್ಲಿರುವ ಹತ್ತಿರದ ಸಂಬಂಧಿಯೂ ಕಟ್ಟಬಹುದು.

ಸಹಿಯ ಕಥೆ ಬೇರೆ. ‘ಅಣ್ಣ ಅಲ್ಲಿ ದುಡಿತಾನ್ರಿ, ನಾ ಇಲ್ಲಿ ಸಹಿ ಮಾಡ್ತೀನ್ರಿ’ ಎಂದು ತಮ್ಮ ನಕ್ಕರು. ಅದಕ್ಕೆ ಬೇಕಾದ ಮುಖ್ತ್ಯಾರ್ ಪತ್ರವನ್ನು ಅಣ್ಣ ಜಿದ್ದಾದ ಭಾರತೀಯ ಕಾನ್ಸುಲೇಟಿನಲ್ಲಿ ಮಾಡಿಸಿ ಕಳಿಸಿದ್ದರು. ಹಾಗೆ ಬಂದ ಪತ್ರ ಕರ್ನಾಟಕಕ್ಕೆ ಮುಟ್ಟಿದ 3 ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಬೀರುವಿನಲ್ಲಿ ಭದ್ರವಾಗಿಟ್ಟು ಅವಧಿ ಮೀರಿಸಿದವರೇ ಹೆಚ್ಚು ಎಂದು ದಸ್ತಾವೇಜು ಬರೆಯುವವರೊಬ್ಬರು ಹೇಳಿದರು. ನಂಬುತ್ತೇನೆ.

ಕೇಳಲೇಬೇಕಾದ ಪ್ರಶ್ನೆಯನ್ನು ಕಲಬುರಗಿಯಲ್ಲಿ ಎಲ್ಲರೂ ಕೇಳುತ್ತಾರೆ: ‘ಪ್ಲಾಟ್ ಎನ್‌ಎ ಆಗ್ಯಾದೇನ್ರಿ?’ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಹೊಲ ವಸತಿಗೆ ಪರಿವರ್ತನೆಯಾಗದಿದ್ದರೆ ಊರಿನವನಿಗೆ ಸಾಲ ಸಿಗದು, ಅಷ್ಟೆ. ಎನ್‌ಆರ್‌ಐಗೆ ಅದು ಕೊಳ್ಳಲೇಬಾರದ ಆಸ್ತಿ. ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಮೂರೂ ಅವನಿಗೆ ನಿಷಿದ್ಧ. ಹುಮನಾಬಾದ್ ರಸ್ತೆಯುದ್ದಕ್ಕೂ, ಕಮಲಾಪುರದ ಕೆಂಪು ಬಾಳೆಯ ಹೆಸರು ಹೇಳಿ ‘ಫಾರ್ಮ್ ಪ್ಲಾಟ್’ ಮಾರುವ ಏಜೆಂಟರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಗಲ್ಫಿಗೆ ಫೋನು ಮಾಡುತ್ತಾರೋ ಕಾಣೆ. ‘2020ರಲ್ಲಿ ಕಾಯ್ದೆ ಸಡಿಲ ಆಗ್ಯಾದ, ಯಾರು ಬೇಕಾದ್ರೂ ಹೊಲ ತಗೋಬಹುದು’ ಎನ್ನುವುದು ಅವರ ಮಂತ್ರ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದದ್ದು ನಿಜ. ಫೆಮಾ ಅಲ್ಲೇ ಕೂತಿದೆ.

ಅಣ್ಣನ ಆಸೆ ಈಗ ಹೊಲದ ಕಡೆಗೇ ಹೋಗಿದೆ. ತಂದೆಯಿಂದ ಬಂದ ಹೊಲದಲ್ಲಿ ಅವರಿಗೆ ಪಾಲಿದೆ, ವಾರಸಿನಿಂದ ಬಂದದ್ದಕ್ಕೆ ಫೆಮಾ ಅಡ್ಡಿ ಮಾಡದು. ಆದರೆ ಬದುವಿನಾಚೆಯ ಎರಡು ಎಕರೆ ಮಾರಾಟಕ್ಕೆ ಬಂದಿದೆ, ಅದನ್ನು ಅವರು ಕೊಳ್ಳುವಂತಿಲ್ಲ. ತಮ್ಮನ ಹೆಸರಿನಲ್ಲಿ ಕೊಂಡರೆ? ತನ್ನ ಲಾಭಕ್ಕೆ ಇನ್ನೊಬ್ಬರ ಹೆಸರಿನಲ್ಲಿ ಹಣ ಹಾಕಿದರೆ ಬೇನಾಮಿ. ಒಡಹುಟ್ಟಿದವರಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಉಂಟು, ಪತ್ರದಲ್ಲಿ ಇಬ್ಬರ ಹೆಸರೂ ಜಂಟಿ ಮಾಲೀಕರೆಂದು ಇದ್ದರೆ. ಅಣ್ಣನ ಹೆಸರು ಹಾಕಲು ಮತ್ತೆ ಫೆಮಾ ಬಿಡದು. ಒಂದು ಕಾಯ್ದೆ ಹೆಸರು ಹಾಕಬೇಡ ಎನ್ನುತ್ತದೆ, ಇನ್ನೊಂದು ಹಾಕದಿದ್ದರೆ ಹಿಡಿಯುತ್ತದೆ.

ಉಳಿದಿರುವ ನೇರ ದಾರಿ ಒಂದೇ: ಹಣವನ್ನು ತಮ್ಮನಿಗೆ ನಿಜವಾಗಿಯೂ ದಾನ ಕೊಡುವುದು, ಹೊಲ ತಮ್ಮನದೇ ಆಗುವುದು. ತಮ್ಮನ ಹೆಂಡತಿಗೆ ಈ ಉಪಾಯ ಬಹಳ ಹಿಡಿಸಿತು. ಜಿದ್ದಾದಿಂದ ಇನ್ನೂ ಒಪ್ಪಿಗೆ ಬಂದಿಲ್ಲ.