ಬಾಗೆಯ ಹೂವು ಮತ್ತು ಸಸ್ಯಚಿತ್ರಾಭ್ಯಾಸ

ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ತೊರೆದ ಶಕುಂತಲೆಯ ಚಿತ್ರವನ್ನು ತಾನೇ ಬರೆದು, ಅದನ್ನೇ ನೋಡುತ್ತ ಕುಳಿತಿರುವನಷ್ಟೆ. ಚಿತ್ರವು ಇನ್ನೂ ಮುಗಿದಿಲ್ಲವೆಂದು ಅವನು ವಿದೂಷಕನಿಗೆ ಹೇಳುವ ಕಾರಣಗಳಲ್ಲಿ ಒಂದು ಏನೆಂದರೆ, ಅವಳ ಕಿವಿಯಲ್ಲಿ ಮುಡಿಸಿದ ಶಿರೀಷದ ಹೂವನ್ನೂ ಅದರ ಕೇಸರಗಳು ಕೆನ್ನೆಯವರೆಗೆ ಇಳಿಬಿದ್ದಿರುವುದನ್ನೂ ತಾನು ಇನ್ನೂ ಬರೆದಿಲ್ಲವೆಂಬುದು. ಈ ಸಂದರ್ಭವನ್ನು ನಾವು ನಾಯಕನಹಟ್ಟಿಯಲ್ಲಿ ಉಪಾಧ್ಯಾಯರಾಗಿದ್ದ ಕಾಲದಲ್ಲಿ ಎಷ್ಟು ತರಗತಿಗಳಿಗೆ ಹೇಳಿದೆವೋ ಲೆಕ್ಕವಿಲ್ಲ. ಒಮ್ಮೆ ಒಬ್ಬ ಹುಡುಗನು ಎದ್ದು ನಿಂತು, "ಸಾರ್, ಶಿರೀಷ ಅಂದ್ರೆ ಯಾವ ಹೂವು?" ಎಂದು ಕೇಳಿದನು. "ಅತ್ಯಂತ ಮೃದುವಾದ ಒಂದು ಪುಷ್ಪವಿಶೇಷ. ಕುಳಿತುಕೋ" ಎಂದೆವು. ಅವನು ಕುಳಿತನು.

ಆ ಕೊಠಡಿಯ ಕಿಟಕಿಯ ಹೊರಗೆ ಇಪ್ಪತ್ತು ಮಾರು ದೂರದಲ್ಲಿ ಒಂದು ಬಾಗೆಯ ಮರವಿದ್ದಿತು. ಗಾಳಿ ಬೀಸಿದಾಗ ಅದರ ಒಣಗಿದ ಕಾಯಿಗಳು ಗಲಗಲನೆ ಸದ್ದು ಮಾಡಿ ಪಾಠಕ್ಕೆ ಅಡ್ಡಿಯಾಗುತ್ತಿದ್ದುದರಿಂದ ನಾವು ಕಿಟಕಿಯನ್ನು ಮುಚ್ಚಿಸುತ್ತಿದ್ದೆವು. ಶಿರೀಷವೆಂದರೆ ಬಾಗೆಯೆಂಬುದನ್ನು ನಿಘಂಟಿನಲ್ಲಿ ಓದಿದ್ದೆವು. ಬಾಗೆಯ ಮರವನ್ನು ದಿನವೂ ಕಂಡಿದ್ದೆವು. ಎರಡನ್ನೂ ಕೂಡಿಸಿ ನೋಡಬೇಕೆಂಬ ಯೋಚನೆಯು ಮಾತ್ರ ವೃತ್ತಿಯಿಂದ ನಿವೃತ್ತರಾಗುವವರೆಗೆ ನಮಗೆ ಬರಲಿಲ್ಲ. ಅದು ಬಂದ ಬಗೆಯನ್ನು ವಾಚಕರಿಗೆ ತಿಳಿಸಬೇಕೆಂದೇ ಈ ಬರೆಹ.

ನಿವೃತ್ತಿಯ ಮರುವರ್ಷ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ಇರಬೇಕಾಗಿ ಬಂದಿತು. ಮಾತನಾಡುವವರಿಲ್ಲ, ನಡೆದಾಡಲು ಜಾಗವಿಲ್ಲ. ನಮ್ಮ ಬೇಸರವನ್ನು ಕಂಡ ಸೊಸೆಯು, ಹತ್ತಿರದಲ್ಲಿಯೇ ಭಾನುವಾರಗಳಂದು ಸಸ್ಯಗಳ ಚಿತ್ರವನ್ನು ಬರೆಯಲು ಕಲಿಸುವ ತರಗತಿಯೊಂದು ನಡೆಯುವುದೆಂದೂ, ಎಂಟು ವಾರಗಳ ಪಾಠವೆಂದೂ ಹೇಳಿ, ನಮ್ಮನ್ನು ಕೇಳದೆಯೇ ಶುಲ್ಕವನ್ನು ಕಟ್ಟಿಬಿಟ್ಟಳು. ಕಟ್ಟಿದ ಹಣವು ವ್ಯರ್ಥವಾಗಬಾರದೆಂಬುದೊಂದೇ ನಾವು ಮೊದಲ ದಿನ ಹೋದುದಕ್ಕೆ ಕಾರಣವು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು. ಒಬ್ಬರು ಬ್ಯಾಂಕಿನವರು, ಒಬ್ಬರು ವೈದ್ಯರು, ಮೂವರು ಗೃಹಿಣಿಯರು, ಉಳಿದವರು ಕಾಲೇಜಿನ ಹೆಣ್ಣುಮಕ್ಕಳು. ಕಲಿಸುವಾಕೆಯು ನಮ್ಮ ಮಗಳ ವಯಸ್ಸಿನವಳು. ಆಕೆಯನ್ನು ನಾವು "ಗುರುಗಳೇ" ಎಂದರೆ ಆಕೆ ನಾಚಿಕೊಳ್ಳುವಳು, ನಮ್ಮನ್ನು "ಮೇಷ್ಟ್ರೇ" ಎನ್ನುವಳು.

ಮೊದಲ ದಿನ ಬಣ್ಣದ ಮಾತೇ ಇಲ್ಲ. ಬೇವಿನ ಒಂದೊಂದು ಎಲೆಕಡ್ಡಿಯನ್ನು ಎಲ್ಲರ ಮುಂದೆಯೂ ಇಟ್ಟು ಸೀಸದ ಕಡ್ಡಿಯಿಂದ ಬರೆಯಿರೆಂದಳು. ಬೇವಿನ ಎಲೆಯನ್ನು ಯುಗಾದಿಯಿಂದ ಯುಗಾದಿಗೆ ಅರವತ್ತು ವರ್ಷ ಕಂಡವರಿಗೆ ಅದೇನು ಮಹಾ ಎಂದು ನಾವು ಐದು ನಿಮಿಷದಲ್ಲಿ ಬರೆದು ಮುಗಿಸಿದೆವು. ಆಕೆ ಏನೂ ಹೇಳದೆ ಕಡ್ಡಿಯಿಂದ ಒಂದು ಎಲೆಯನ್ನು ಬಿಡಿಸಿ ನಮ್ಮ ಚಿತ್ರದ ಮೇಲಿಟ್ಟಳು. ನಾವು ಬರೆದ ಎಲೆಗಳ ಎರಡು ಬದಿಗಳೂ ಸಮನಾಗಿದ್ದುವು. ನಿಜವಾದ ಎಲೆಯೋ ಬುಡದಲ್ಲಿ ಒಂದು ಬದಿ ಅಗಲ, ಒಂದು ಬದಿ ಕಿರಿದು, ನಡುನರವು ಕುಡುಗೋಲಿನಂತೆ ಬಾಗಿದುದು. "ಮೇಷ್ಟ್ರೇ, ನೀವು ತಿಳಿದದ್ದನ್ನು ಬರೆದಿದ್ದೀರಿ. ಕಂಡದ್ದನ್ನು ಬರೆಯಿರಿ" ಎಂದಳು. ಮೂವತ್ತು ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆದ ಕೈಗೆ ಇದು ಕಹಿಯಾಗಿಯೇ ಇದ್ದಿತು. ಆದರೂ ಎರಡನೆಯ ವಾರವೂ ಹೋದೆವು.

ಸಸ್ಯಚಿತ್ರವೆಂದರೆ ಹೂಗುಚ್ಛದ ಅಲಂಕಾರಚಿತ್ರವಲ್ಲ. ಗಿಡವನ್ನು ಕಂಡರಿಯದವನೂ ಚಿತ್ರವನ್ನು ಹಿಡಿದುಕೊಂಡು ಹೋಗಿ ಕಾಡಿನಲ್ಲಿ ಗುರುತಿಸುವಂತಿರಬೇಕು. ಎಲೆಗಳು ಎದುರುಬದುರಾಗಿವೆಯೋ ಒಂದರ ಮೇಲೊಂದು ಸರದಿಯಾಗಿ ಬಂದಿವೆಯೋ, ದಳಗಳೆಷ್ಟು, ಕೇಸರಗಳೆಷ್ಟು, ಕಾಯಿ ಹೇಗೆ ಒಡೆಯುವುದು, ಇವೆಲ್ಲವೂ ಅಳತೆಗೆ ಸರಿಯಾಗಿ ಬರಬೇಕು. ಅಳತೆಗೆ ಜಾಮಿಟ್ರಿ ಪೆಟ್ಟಿಗೆಯ ಡಿವೈಡರು ಸಾಕು. ಚಿಕ್ಕ ಭಾಗಗಳನ್ನು ಸೀಳಿ, ದೊಡ್ಡದಾಗಿ ಕಾಣಿಸಿ, ಹಾಳೆಯ ಅಂಚಿನಲ್ಲಿ ಬೇರೆಯಾಗಿ ಬರೆಯುವರು. ಬೆಳಕು ಎಡಗಡೆಯ ಮೇಲಿನಿಂದ ಬೀಳುವಂತೆ ಕಿಟಕಿಯ ಬಳಿ ಕುಳಿತುಕೊಳ್ಳುವುದು ರೂಢಿ. ಕಿತ್ತ ಹೂವು ಬಾಡುವುದು ಬೇಗ. ಆದುದರಿಂದ ಹೂವು ಮೊದಲು, ಎಲೆ ಆಮೇಲೆ, ಕಡ್ಡಿ ಕೊನೆಗೆ.

ಬಣ್ಣದ ಪಾಠವು ನಾಲ್ಕನೆಯ ವಾರದಿಂದ ಬಂದಿತು. ನೀರಿನ ಬಣ್ಣದಲ್ಲಿ ಬಿಳಿಯೆಂಬುದು ಬಣ್ಣವಲ್ಲ, ಹಾಳೆಯೇ ಬಿಳಿ. ಹೊಳಪು ಬೇಕಾದ ಕಡೆ ಬಣ್ಣ ಹಚ್ಚದೆ ಬಿಡತಕ್ಕದ್ದು. ತೆಳುವಾದ ಬಣ್ಣವನ್ನು ಒಂದು ಪದರ ಹಚ್ಚಿ, ಅದು ಪೂರ್ತಿಯಾಗಿ ಒಣಗಿದ ಮೇಲೆ ಮತ್ತೊಂದು, ಅದರ ಮೇಲೆ ಮತ್ತೊಂದು. ಅವಸರಪಟ್ಟರೆ ಕೆಳಗಿನ ಪದರವು ಎದ್ದು ಕೆಸರಾಗುವುದು. ಅಂಗಡಿಯ ಹಸುರನ್ನು ಹಾಗೆಯೇ ಹಚ್ಚಬಾರದು. ಹಳದಿಗೆ ನೀಲಿಯನ್ನು ಬೆರೆಸಿ, ಅದಕ್ಕೆ ಸೂಜಿಮೊನೆಯಷ್ಟು ಕೆಂಪು ಸೇರಿಸಿದರೆ ಎಲೆಯ ನಿಜವಾದ ಹಸುರು ಬರುವುದು. ಈ ಕೆಂಪಿನ ವಿಷಯವನ್ನು ಕೇಳಿದಾಗ ನಾವು ನಂಬಲಿಲ್ಲ. ಮಾಡಿ ನೋಡಿದಾಗ ನಮ್ಮ ಸೀಮೆಯ ಜಾಲಿಯ ಧೂಳು ಹಿಡಿದ ಹಸುರು ತಟ್ಟೆಯಲ್ಲಿ ಹುಟ್ಟಿಕೊಂಡಿತು. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರದ ಆರು ಅಂಗಗಳನ್ನು ಎಣಿಸುವಾಗ ಪ್ರಮಾಣ, ಸಾದೃಶ್ಯ, ವರ್ಣಿಕಾಭಂಗಗಳನ್ನು ಹೇಳಿರುವುದನ್ನು ನಾವು ಬಲ್ಲೆವು. ವರ್ಣಿಕಾಭಂಗವೆಂದರೆ ಏನೆಂದು ಗೊತ್ತಾದುದು ಆ ಭಾನುವಾರ.

ಮನೆಯಲ್ಲಿ ಅಭ್ಯಾಸ ಮಾಡಲಿಚ್ಛಿಸುವವರಿಗೆ ಬೇಕಾದುದು ಬಹಳವಿಲ್ಲ. ಒಂದು ಎಚ್‌ಬಿ, ಒಂದು ಎರಡು ಎಚ್ ಸೀಸದ ಕಡ್ಡಿ. ಚದರ ಮೀಟರಿಗೆ 300 ಗ್ರಾಂ ತೂಗುವ ನುಣುಪಾದ ಹತ್ತಿಯ ಕಾಗದ. ಮೊನೆ ಕೂಡುವ ಎರಡು ಕುಂಚ. ಎರಡೆರಡು ಬಗೆಯ ಹಳದಿ, ಕೆಂಪು, ನೀಲಿ. ಒಂದು ಬಿಳಿಯ ಪಿಂಗಾಣಿ ತಟ್ಟೆ. ಕಾಗದದಲ್ಲಿ ಮಾತ್ರ ಜಿಪುಣತನ ಕೂಡದು. ನಾವು ಮೊದಲು ಮಗನ ಕಚೇರಿಯ ಹಾಳೆಯ ಮೇಲೆ ಬರೆದು, ಅದು ಹಪ್ಪಳದಂತೆ ಸುರುಟಿಕೊಂಡಾಗ ಬುದ್ಧಿ ಕಲಿತೆವು.

ಈ ವಿದ್ಯೆಯು ಪರದೇಶದಿಂದ ಬಂದುದೆಂದು ಕೆಲವರು ತಿಳಿಯುವರು. ಅರ್ಧ ಮಾತ್ರ ನಿಜ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ಹದಮಾಡುವುದು, ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವುದು, ಬಣ್ಣಗಳನ್ನು ಬೆರೆಸುವುದು, ಎಲ್ಲವೂ ಉಂಟು. ಗಿಡಮೂಲಿಕೆಗಳನ್ನು ಒಂದೊಂದಾಗಿ ಚಿತ್ರಿಸಿ ಗ್ರಂಥವಾಗಿ ಕಟ್ಟುವ ಪದ್ಧತಿಯು ಬೆಳೆದುದು ಐರೋಪ್ಯರು ಬಂದ ಮೇಲೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್‌ನು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥವನ್ನು ಮಾಡಿಸಿದಾಗ, ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ನೆರವಾದರು. ಮದರಾಸಿನಲ್ಲಿ ರಾಬರ್ಟ್ ವೈಟನು 1838ರಿಂದ 1853ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳನ್ನು ಅಚ್ಚುಹಾಕಿಸಿದನು. ಅವನ ಬಳಿ ಕೆಲಸ ಮಾಡಿದ ರಂಗಯ್ಯ, ಗೋವಿಂದು ಎಂಬ ಚಿತ್ರಕಾರರ ಹೆಸರುಗಳು ಉಳಿದಿವೆ. ಸೀತಾಳೆಯ ಜಾತಿಯೊಂದಕ್ಕೆ ವೈಟನು ಗೋವಿಂದುವಿನ ಹೆಸರನ್ನೇ ಇಟ್ಟಿದ್ದನು. ಅನಂತರದ ಶಾಸ್ತ್ರಜ್ಞರು ಅದನ್ನು ಬೇರೊಂದು ಜಾತಿಯಲ್ಲಿ ಸೇರಿಸಿದುದರಿಂದ ಆ ಹೆಸರು ಈಗ ರೂಢಿಯಲ್ಲಿಲ್ಲ.

ನಮ್ಮ ಕನ್ನಡನಾಡಿನಲ್ಲಿ ಈ ಕೆಲಸವು ಶಿವಮೊಗ್ಗೆಯಲ್ಲಿ ನಡೆದುದನ್ನು ಹೇಳಲೇಬೇಕು. 1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನನು ದಿನಕ್ಕೊಂದು ಗಿಡವನ್ನು ಕಾಲು ಗಂಟೆಯಾದರೂ ಪರೀಕ್ಷಿಸಬೇಕೆಂಬ ನಿಯಮವನ್ನಿಟ್ಟುಕೊಂಡು, ಅದರ ಚಿತ್ರವನ್ನು ಒಬ್ಬ ಮರಾಠಿ ಚಿತ್ರಕಾರನಿಂದ ಬರೆಸುತ್ತಿದ್ದನು. ಆ ಚಿತ್ರಗಳು ಈಗಲೂ ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿವೆ. ಬರೆಸಿದವನ ಹೆಸರನ್ನು ಅರಣ್ಯಶಾಸ್ತ್ರವನ್ನೋದಿದವರೆಲ್ಲರೂ ಬಲ್ಲರು. ಬರೆದವನು ಮರಾಠಿ ಚಿತ್ರಕಾರನೆಂದೇ ಉಳಿದನು. ಮಲೆನಾಡಿನ ಮಳೆಯಲ್ಲಿ ದಿನಕ್ಕೊಂದು ಗಿಡದಂತೆ ಹಾಳೆ ಒಣಗಿಸಿಕೊಂಡು ಬರೆದವನ ಕೈ ಎಂತಹುದಿರಬೇಕು! ಅನಂತರ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಎಂಬವರು ಸಸ್ಯಚಿತ್ರಗಳನ್ನು ರಚಿಸಿದರು. ಈಚೆಗೆ ಬೆಂಗಳೂರಿನ ನಿರುಪಾ ರಾವ್ ಎಂಬಾಕೆಯು ನೀರಿನ ಬಣ್ಣದಲ್ಲಿ ಬರೆದ ಪಶ್ಚಿಮ ಘಟ್ಟದ ಮಹಾವೃಕ್ಷಗಳ ಚಿತ್ರಗಳು 2018ರಲ್ಲಿ ಪುಸ್ತಕವಾಗಿ ಬಂದಿವೆ. ತರಗತಿಯಲ್ಲಿ ಆ ಪುಸ್ತಕವು ಕೈಯಿಂದ ಕೈಗೆ ಹೋಗುತ್ತಿದ್ದಿತು.

ಎಂಟು ವಾರ ಮುಗಿಸಿ ಊರಿಗೆ ಬಂದೆವು. ಚಳ್ಳಕೆರೆಯ ತಾಲ್ಲೂಕು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಬಂದವರು ಸುತ್ತಲಿನ ಬಯಲನ್ನು ನೋಡಿ, ಇಲ್ಲಿ ಬರೆಯಲು ಏನಿದೆ ಎನ್ನಬಹುದು. ನಾವೂ ಹಾಗೆಯೇ ಎಂದುಕೊಂಡಿದ್ದೆವು. ಮೊದಲು ಬರೆಯಲು ತೆಗೆದುಕೊಂಡುದು ತಂಗಡಿ. ಅದರ ಹಳದಿ ಹೂವನ್ನು ಎಲ್ಲರೂ ಬಲ್ಲರು. ತೊಗಟೆಯು ಚರ್ಮ ಹದಮಾಡಲು ಬರುವುದನ್ನೂ ಬಲ್ಲರು. ಬರೆಯುತ್ತ ಕುಳಿತಾಗ, ಪ್ರತಿಯೊಂದು ಎಲೆಯ ಬುಡದಲ್ಲಿಯೂ ಕಿವಿಯ ಆಕಾರದ ಎರಡು ಸಣ್ಣ ಹಾಳೆಗಳು ಕಡ್ಡಿಯನ್ನು ಅಪ್ಪಿಕೊಂಡಿರುವುದು ಕಣ್ಣಿಗೆ ಬಿದ್ದಿತು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕಿವಿಯುಳ್ಳದ್ದೆಂಬ ಹೆಸರು ಬಂದಿರುವುದು ಆ ಕಾರಣದಿಂದಲೇ. ಚಿಕ್ಕಂದಿನಲ್ಲಿ ಆ ಕಡ್ಡಿಯನ್ನು ಮುರಿದು ಹಲ್ಲುಜ್ಜಿದವರು ನಾವು, ಕಿವಿಯನ್ನು ಕಂಡಿರಲಿಲ್ಲ.

ಖುದಾಪುರದ ಕಡೆಯ ಅಮೃತಮಹಲ್ ಕಾವಲಿನ ಹುಲ್ಲುಗಳನ್ನು ಬರೆಯುವ ಆಸೆಯೂ ಉಂಟು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾದವುಗಳಿಗೆ, ಮೀಸಲಾದ ಬಯಲುಗಳ ಪರಂಪರೆಗೆ ಸೇರಿದುದು ಅದು. ಈಗ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೇ ಮೊದಲಾದವು ನೆಲೆಗೊಂಡು ಗೋಡೆಗಳು ಎದ್ದಿವೆ. ದೇಶಕ್ಕೆ ವಿಜ್ಞಾನವೂ ಬೇಕು, ಕುರಿಗೆ ಹುಲ್ಲೂ ಬೇಕು. ಆ ವ್ಯಾಜ್ಯದಲ್ಲಿ ತೀರ್ಪು ಹೇಳುವ ಶಕ್ತಿ ನಮಗಿಲ್ಲ. ಗೋಡೆಯ ಹೊರಗಿನ ಹುಲ್ಲನ್ನಾದರೂ, ಇರುವಾಗಲೇ ಬರೆದಿಡಬೇಕೆಂಬ ಆತುರ ಮಾತ್ರ ಇದೆ.

ಆತುರವೆಂದೇಕೆ ಅಂದೆವೆಂದರೆ, ಬಾಗೆಯ ಮರವನ್ನು ಬರೆಯಬೇಕೆಂದು ವೈಶಾಖದಲ್ಲಿ ಹಳೆಯ ಶಾಲೆಯ ಬಳಿಗೆ ಹೋದಾಗ ಅಲ್ಲಿ ಮರವಿರಲಿಲ್ಲ. ಬುಡವೂ ಇರಲಿಲ್ಲ, ಕಾಂಕ್ರೀಟು ಇದ್ದಿತು. ಮೂವತ್ತು ವರ್ಷ ಕಿಟಕಿ ಮುಚ್ಚಿಸಿದವರಿಗೆ ಯಾರನ್ನು ದೂರುವ ಅಧಿಕಾರವಿದೆ? ಊರೆಲ್ಲ ಹುಡುಕಿ, ಕೆರೆಯ ಕೆಳಗಿನ ತೋಟವೊಂದರಲ್ಲಿ ಮತ್ತೊಂದನ್ನು ಕಂಡುಕೊಂಡೆವು.

ಬಾಗೆಯ ಹೂವನ್ನು ಕೈಯಲ್ಲಿ ಹಿಡಿದು ನೋಡಿದಾಗ ನಮಗೆ ನಾಚಿಕೆಯಾಯಿತು. ಹೂವೆಂದು ನಾವೆಣಿಸುವುದು ಒಂದು ಹೂವಲ್ಲ, ಹಲವು ಹೂವುಗಳ ಚೆಂಡು. ಒಂದೊಂದರಲ್ಲಿಯೂ ದಳಗಳು ಕಿರಿದಾಗಿ ಕೆಳಗೆ ಅಡಗಿವೆ. ಹೊರಗೆ ಕಾಣುವುದೆಲ್ಲವೂ ಕೇಸರಗಳೇ, ರೇಷ್ಮೆಯ ಎಳೆಯಂತೆ ಉದ್ದವಾಗಿ, ಬುಡದಲ್ಲಿ ಬಿಳುಪು, ತುದಿಯಲ್ಲಿ ತಿಳಿಹಸುರು. ಅದನ್ನು ಕಿವಿಗೆ ಮುಡಿದರೆ ಕೇಸರಗಳು ಕೆನ್ನೆಗೆ ಇಳಿಯದೆ ಮತ್ತೇನಾದೀತು? ಕವಿಯು ಹೂವೆಂದು ಹೇಳಿ ಸುಮ್ಮನಾಗದೆ ಕೇಸರವನ್ನು ಹೆಸರಿಸಿದುದು ಅಲಂಕಾರಕ್ಕಾಗಿ ಅಲ್ಲ, ಕಂಡುದಕ್ಕಾಗಿ. ತರಗತಿಯಲ್ಲಿ ನಾವು ಅದನ್ನು ವಿಶೇಷಣವೆಂದು ವಿವರಿಸಿ ಸಮಾಸವನ್ನು ಬಿಡಿಸಿದ್ದೆವು.

ಚಿತ್ರಕ್ಕೆ ಹನ್ನೊಂದು ದಿನ ಹಿಡಿಯಿತು. ಸಂಜೆಯಾದರೆ ಎಲೆಗಳು ಮಡಿಸಿಕೊಳ್ಳುವುದರಿಂದ ಎಲೆಯ ಕೆಲಸ ಬೆಳಗ್ಗೆಯೇ ಆಗಬೇಕು. ಹೂವು ಮರುದಿನಕ್ಕೆ ಹಳದಿಯಾಗುವುದರಿಂದ ದಿನವೂ ಹೊಸದು ತರಬೇಕು. ನಮ್ಮ ಮನೆಯವರು ತಂಬಿಗೆಗಳೆಲ್ಲ ಹೂವಿಗೆ ಹೋದುವೆಂದು ಗೊಣಗುತ್ತಲೇ, ನಮ್ಮ ಕೈ ನಡುಗಿದ ಕಡೆ ಕೇಸರಗಳನ್ನು ಎಣಿಸಿಕೊಟ್ಟರು. ಕಾಯಿಗಳು ಮಾತ್ರ ಎತ್ತರದಲ್ಲಿ ನೇತಾಡುತ್ತಿದ್ದುವು. ಮರವೇರುವ ವಯಸ್ಸಲ್ಲ, ಕಾಯಿ ತಾನೆ, ಎಷ್ಟು ವರ್ಷ ಕಂಡಿಲ್ಲ ಎಂದು ಅದೊಂದನ್ನು ನೆನಪಿನಿಂದ ಬರೆದುಬಿಟ್ಟೆವು.

ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ನಲವತ್ತು ದಾಟಿ, ಶೇಂಗಾ ವ್ಯಾಪಾರ ಮಾಡಿಕೊಂಡು ಊರಿನಲ್ಲಿಯೇ ಇರುವನು. ಅವನನ್ನು ಮನೆಗೆ ಕರೆಸಿ, ಚಿತ್ರವನ್ನು ಮುಂದಿಟ್ಟು, "ಶಿರೀಷವೆಂದರೆ ಇದೇ ಅಪ್ಪಾ. ಅಂದು ನಿನಗೆ ಸರಿಯಾಗಿ ಹೇಳಲಿಲ್ಲ" ಎಂದೆವು. ಅವನಿಗೆ ತಾನು ಕೇಳಿದ್ದೇ ನೆನಪಿಲ್ಲ. ಸಂಕೋಚದಿಂದ ನಕ್ಕು, ಚಿತ್ರವನ್ನು ಬಹಳ ಹೊತ್ತು ನೋಡಿದನು.

"ಇದು ನಮ್ಮ ಸ್ಕೂಲ್ ಹತ್ರ ಇದ್ದ ಬಾಗೆ ಅಲ್ವಾ ಸಾರ್? ಹೂವು ಹಂಗೇ ಐತೆ."

ಸ್ವಲ್ಪ ತಡೆದು, ಬೆರಳನ್ನು ಕಾಯಿಯ ಕಡೆಗೆ ಚಾಚಿದನು. "ಕಾಯಿ ಮಾತ್ರ ಹಿಂಗಿರಲ್ಲ ಸಾರ್. ತಪ್ಪು ತಿಳ್ಕೋಬೇಡಿ. ನೀವು ಅವರೇಕಾಯಿ ತರ ಉಬ್ಬಿಸಿದೀರಿ. ಅದು ಕಾಗದದಂಗೆ ಚಪ್ಪಟೆ, ಬೀಜ ಇರೋ ಕಡೆ ಮಾತ್ರ ಎದ್ದಿರ್ತದೆ. ಗಿಲಕಿ ಮಾಡ್ಕೊಂಡು ಆಡ್ತಿದ್ವಲ್ಲ ನಾವು."

ಮರುದಿನ ಬೆಳಗ್ಗೆ ಅವನೇ ದೋಟಿಯಿಂದ ನಾಲ್ಕು ಕಾಯಿಗಳನ್ನು ಕೆಡವಿ ತಂದುಕೊಟ್ಟನು. ಅವನು ಹೇಳಿದಂತೆಯೇ ಇದ್ದುವು. ಬಣ್ಣ ಹಚ್ಚಿದ ಹಾಳೆಯನ್ನು ಅಳಿಸಲಾಗದು. ಹೊಸ ಹಾಳೆಯನ್ನು ಹಲಗೆಗೆ ಅಂಟಿಸಿ, ಈ ಸಲ ಕಾಯಿಯಿಂದ ಆರಂಭಿಸಿರುವೆವು.