ಒಂದು ಸಂಪರ್ಕ, ನಾಲ್ಕು ಕಂಪ್ಯೂಟರ್

ದಹಿಸರ್‌ನ ಒಂದೇ ಖೋಲಿಯಲ್ಲಿ ನಾಲ್ವರು ಬಿಡಾರ ಹೂಡಿರುವಾಗ ನಾಲ್ಕು ಇಂಟರ್‌ನೆಟ್ ಸಂಪರ್ಕಗಳೇಕೆ? ಒಂದೇ ಸಾಲದೆ? ಇದರ ಮರ್ಮವು ಹೋಟೆಲಿನ ಬಂಧುಗಳಿಗೆ ಹೊಸತಲ್ಲ. ಹಲವು ಮೇಜುಗಳ ಬೇಡಿಕೆಯನ್ನು ಮಾಣಿಯೊಬ್ಬನೇ ಅಡಿಗೆಮನೆಗೆ ಮುಟ್ಟಿಸಿ, ಯಾರ ದೋಸೆ ಯಾರಿಗೆಂಬುದನ್ನು ನೆನಪಿಟ್ಟು ತಂದಿಡುವನಷ್ಟೆ? ರೌಟರ್ ಎಂಬ ಪುಟ್ಟ ಪೆಟ್ಟಿಗೆಯ ಕೆಲಸವೂ ಅದೇ. ಒಳಗೆ ಪ್ರತಿಯೊಂದು ಕಂಪ್ಯೂಟರಿಗೂ ಬೇರೆ ಬೇರೆ ವಿಳಾಸ, ಸಾಮಾನ್ಯವಾಗಿ 192.168ರಿಂದ ಮೊದಲಾಗುವಂಥದು, ಹೊರಜಗತ್ತಿಗೆ ಮಾತ್ರ ಮನೆಯ ವಿಳಾಸವೊಂದೇ.

ಆದರೆ ವೇಗವೂ ಹಂಚಿಹೋಗುವುದು. 2020ರ ಲಾಕ್‌ಡೌನಿನಲ್ಲಿ ಮಕ್ಕಳ ಶಾಲೆಯೂ ಗುಮಾಸ್ತರ ಕಚೇರಿಯೂ ಮನೆಯೊಳಗೇ ಬಂದಾಗ, ಒಬ್ಬನ ಸಿನಿಮಾ ಇನ್ನೊಬ್ಬನ ಪಾಠವನ್ನು ತಡೆದುದುಂಟು. ಆದುದರಿಂದ ಓದುವ ಹುಡುಗನಿಗೇ ಮೊದಲ ಪಂಕ್ತಿ ಸಲ್ಲಲಿ.

ಪಾಸ್‌ವರ್ಡನ್ನು ಕಂಡಕಂಡವರಿಗೆ ಕೊಡಲಾಗದು. ಹೊರಗೆ ಕಾಣುವ ವಿಳಾಸವೊಂದೇ ಆದುದರಿಂದ, ಅನ್ಯರ ತಪ್ಪಿನ ವಿಚಾರಣೆಯೂ ಮೊದಲು ಸಂಪರ್ಕ ಪಡೆದವನ ಬಾಗಿಲಿಗೇ ಬರುವುದು.